ಐಸ್ ಎಲ್ಲಿಂದ ಬಂತು? ಒಂದು ಮೀನೂಟದ ಹೋಟೆಲಿನ ಪ್ರಕರಣ

ಹೋಟೆಲಿನ ಹೆಸರು, ಬಡಾವಣೆ, ದಿನಾಂಕ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅದರಲ್ಲಿ ದೊಡ್ಡ ತಪ್ಪು ನಮ್ಮ ಲ್ಯಾಬಿನದೇ.

ನಾನು ಬೆಂಗಳೂರಿನ ಒಂದು ಚಿಕ್ಕ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ವಿಭಾಗ ನೋಡಿಕೊಳ್ಳುತ್ತೇನೆ. ಹೋಟೆಲಿನ ಮಾಲೀಕರು ದಕ್ಷಿಣ ಕನ್ನಡದವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಗಿದೆ. ಮೂವತ್ತಾರು ಕುರ್ಚಿಯ ಜಾಗ. ಭಾನುವಾರ ಮಧ್ಯಾಹ್ನ ಹೊರಗೆ ಜನ ಕಾಯುತ್ತಾರೆ. ಮೀನು ಬರುವುದು ಮಂಗಳೂರು ದಕ್ಕೆಯಿಂದ, ಅಂದರೆ ಮೀನುಗಾರಿಕೆ ಬಂದರಿನಿಂದ, ಕೆಲವೊಮ್ಮೆ ಮಲ್ಪೆಯಿಂದ. ಸಂಜೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ತುಂಬಿದರೆ, ರಾತ್ರಿ ಶಿರಾಡಿ ಘಾಟಿ ಹತ್ತಿ, ಸುಮಾರು 350 ಕಿಲೋಮೀಟರ್ ದಾಟಿ, ಬೆಳಗ್ಗೆ ಆರರ ಹೊತ್ತಿಗೆ ಹೋಟೆಲ್ ಹಿಂಬಾಗಿಲು. ಅಷ್ಟರಲ್ಲಿ ಪೆಟ್ಟಿಗೆಯ ಐಸ್ ಅರ್ಧಕ್ಕರ್ಧ ಕರಗಿರುತ್ತದೆ. ಹಾಗಾಗಿ ಏಳು ಗಂಟೆಗೆ ಇಲ್ಲಿನ ಒಂದು ಐಸ್ ಫ್ಯಾಕ್ಟರಿಯ ಟೆಂಪೋ ಬಂದು ಐಸ್ ಬಾರ್ ಇಳಿಸಿ ಹೋಗುತ್ತದೆ. ಈ ಟೆಂಪೋ ಮುಂದೆ ಮತ್ತೆ ಬರುತ್ತದೆ.

ಆ ಭಾನುವಾರ

ಏಪ್ರಿಲ್ ತಿಂಗಳು, ಸೆಕೆ ಜೋರಾಗಿತ್ತು. ಮಗುವಿನ ಹುಟ್ಟುಹಬ್ಬ ಅಂತ ಒಂದೇ ಮನೆಯ 11 ಜನ ಊಟಕ್ಕೆ ಬಂದಿದ್ದರು. ಮಧ್ಯಾಹ್ನ ಒಂದೂವರೆಗೆ ಊಟ. ರಾತ್ರಿ ಎರಡು ಗಂಟೆಗೆ ಮೊದಲನೆಯವರಿಗೆ ಭೇದಿ ಶುರುವಾಯಿತು. ಸೋಮವಾರ ಮಧ್ಯಾಹ್ನದೊಳಗೆ ಏಳು ಜನ ಮಲಗಿದ್ದರು. ನೀರಿನಂಥ ಭೇದಿ, ಹೊಟ್ಟೆ ನುಲಿತ, ಇಬ್ಬರಿಗೆ ವಾಂತಿ, ಜ್ವರ ಅಷ್ಟಕ್ಕಷ್ಟೇ. ಮನೆಯ ಹಿರಿಯರೊಬ್ಬರನ್ನು, ವಯಸ್ಸು 68, ಎರಡು ದಿನ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯಿತು.

ಮಂಗಳವಾರ ಮಾಲೀಕರು ಫೋನ್ ಮಾಡಿದರು. "ಮೇಡಂ, ಮೀನು ಫ್ರೆಶ್ ಇತ್ತು. ಕಿವಿರು ನಾನೇ ಎತ್ತಿ ನೋಡಿದ್ದೆ, ಕೆಂಪಗೇ ಇತ್ತು." ನಾನು ಕೇಳಿದ್ದು ಒಂದೇ, ಊಟವಾದ ಎಷ್ಟು ಹೊತ್ತಿಗೆ ಶುರುವಾಯಿತು? ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ವಿಷವಾಗಿದ್ದರೆ ಒಂದರಿಂದ ಆರು ಗಂಟೆಯೊಳಗೆ ವಾಂತಿ ಹಿಡಿಯುತ್ತದೆ. ಇಲ್ಲಿ ಹನ್ನೆರಡು ಗಂಟೆಯ ನಂತರ. ಕಡಲ ಮೀನು, ಬೇಸಿಗೆ, ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ. ನನ್ನ ಮೊದಲ ಅನುಮಾನ ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಅನ್ನುವ ಬ್ಯಾಕ್ಟೀರಿಯಾದ ಮೇಲೆ ಹೋಯಿತು.

ಈ ವಿಬ್ರಿಯೊ ಕೊಳಕಿನಿಂದ ಬರುವುದಲ್ಲ. ಬೆಚ್ಚಗಿನ ಕಡಲ ನೀರಿನಲ್ಲಿ, ಅಳಿವೆಯಲ್ಲಿ ಅದರ ಪಾಡಿಗೆ ಅದು ಇರುತ್ತದೆ. ಇದನ್ನು ಮೊದಲು ಗುರುತಿಸಿದ್ದು 1950ರಲ್ಲಿ, ಜಪಾನಿನ ಒಸಾಕಾದಲ್ಲಿ ಸಣ್ಣ ಮೀನು ತಿಂದು ಜನ ಸತ್ತಾಗ. ಕರಾವಳಿಯ ಮೀನಿನಲ್ಲಿ ಇದು ಸಿಕ್ಕಿತು ಅಂದರೆ ಆಶ್ಚರ್ಯವಲ್ಲ, ಅಪರಾಧವೂ ಅಲ್ಲ. ಅದು ಎಷ್ಟು ಬೆಳೆಯಿತು, ಎಲ್ಲಿ ಬೆಳೆಯಿತು ಅನ್ನುವುದಷ್ಟೇ ಪ್ರಶ್ನೆ.

ಆ ಮನೆಯವರಿಗೆ ಮಾಲೀಕರು ಮಾತಾಡುವುದು ಬೇಡ, ನಾನೇ ಮಾತಾಡುತ್ತೇನೆ ಅಂದೆ. ಹಿರಿಯರ ಮಗ ಸಿಟ್ಟಿನಲ್ಲಿದ್ದರೂ ಇಪ್ಪತ್ತು ನಿಮಿಷ ಕೊಟ್ಟರು. ಯಾರ ಬಾಳೆಲೆಗೆ ಏನು ಬಿತ್ತು ಅಂತ ಒಬ್ಬೊಬ್ಬರದೇ ಬರೆದುಕೊಂಡೆ. ಬಂಗುಡೆ ಫ್ರೈ ಹತ್ತು ಜನ ತಿಂದಿದ್ದರು, ಅದರಲ್ಲಿ ಏಳು ಜನಕ್ಕೆ ಕಾಯಿಲೆ. ಸಿಗಡಿ ಘೀ ರೋಸ್ಟ್ ಒಂಬತ್ತು ಜನ, ಆರು ಜನಕ್ಕೆ ಕಾಯಿಲೆ. ಇವೆರಡರಿಂದ ಏನೂ ಹೊಳೆಯಲಿಲ್ಲ. ಮರುವಾಯಿ, ಅಂದರೆ ಚಿಪ್ಪುಮೀನಿನ ಸುಕ್ಕ ತಿಂದವರು ಎಂಟು ಜನ, ಕಾಯಿಲೆ ಬಿದ್ದವರು ಏಳು. ತಿನ್ನದ ಮೂವರಿಗೆ ಏನೂ ಆಗಿರಲಿಲ್ಲ. ಇಷ್ಟು ಸಣ್ಣ ಗುಂಪಿನಲ್ಲಿ ಇದು ಸಾಕ್ಷಿ ಅಲ್ಲ. ಆದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಹಿರಿಯರ ಮಲದ ಪರೀಕ್ಷೆ ಮಾಡಿಸಿದ್ದರು, ಆದರೆ ಆಂಟಿಬಯಾಟಿಕ್ ಶುರುವಾದ ಮೇಲೆ. ಅದೂ ಸಾಮಾನ್ಯ ಪರೀಕ್ಷೆ. ವಿಬ್ರಿಯೊ ಹುಡುಕಿ ಅಂತ ಯಾರೂ ಹೇಳದಿದ್ದರೆ ಅದನ್ನು ಬೆಳೆಸಿ ನೋಡಲು ಬೇಕಾದ ಪ್ಲೇಟ್ ಯಾರೂ ಹಾಕುವುದಿಲ್ಲ. ರಿಪೋರ್ಟಿನಲ್ಲಿ ಏನೂ ಸಿಗಲಿಲ್ಲ. ಆ ಬಾಗಿಲು ಅಲ್ಲಿಗೇ ಮುಚ್ಚಿತು.

ಮೊದಲ ಸುತ್ತು, ನಮ್ಮ ತಪ್ಪು

ಬುಧವಾರ ಅಡುಗೆಮನೆಗೆ ಹೋದರೆ ಬ್ಲೀಚಿಂಗ್ ಪೌಡರ್ ವಾಸನೆ ಕಣ್ಣಿಗೆ ಹೊಡೆಯಿತು. ಗೋಡೆ, ನೆಲ, ಕತ್ತರಿಸುವ ಹಲಗೆ ಎಲ್ಲ ತಿಕ್ಕಿ ತೊಳೆದಿದ್ದರು. ಭಾನುವಾರದ ಯಾವ ಪದಾರ್ಥವೂ ಉಳಿದಿರಲಿಲ್ಲ. ಆದರೂ ಹಸಿ ಮರುವಾಯಿ, ಸಿಗಡಿ, ಬಂಗುಡೆ ಮತ್ತು ಹಲಗೆಯ ಮಾದರಿ ತೆಗೆದುಕೊಂಡು ಬಂದೆ.

ವಿಬ್ರಿಯೊಗೆ ಟಿಸಿಬಿಎಸ್ ಅನ್ನುವ ಪ್ಲೇಟ್ ಬಳಸುತ್ತೇವೆ. ಕಾಲರಾದ ವಿಬ್ರಿಯೊ ಅದರ ಮೇಲೆ ಹಳದಿ ಚುಕ್ಕೆಯಾಗಿ ಬೆಳೆಯುತ್ತದೆ, ಪ್ಯಾರಾಹೀಮೋಲಿಟಿಕಸ್ ಹಸಿರು ಚುಕ್ಕೆಯಾಗಿ. ಮರುವಾಯಿ ಪ್ಲೇಟಿನಲ್ಲಿ ನಾಲ್ಕೈದು ಹಸಿರು ಚುಕ್ಕೆ ಬಂದಿದ್ದವು. ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದ್ದ ಹುಡುಗಿ ಅವನ್ನು ಎತ್ತಿ ಗುರುತು ಹಿಡಿಯುವ ಟ್ಯೂಬುಗಳಿಗೆ ಹಾಕಿದಳು. ಯಾವ ಟ್ಯೂಬಿನಲ್ಲೂ ಏನೂ ಬೆಳೆಯಲಿಲ್ಲ. "ವಿಬ್ರಿಯೊ ಇಲ್ಲ" ಅಂತ ಬರೆದಳು. ನಾನು ಸಹಿ ಹಾಕಿದೆ.

ಮಾಲೀಕರಿಗೆ ಎಷ್ಟು ಖುಷಿಯಾಯಿತು ಅಂದರೆ, ರಿಪೋರ್ಟನ್ನು ಲ್ಯಾಮಿನೇಟ್ ಮಾಡಿಸಿ ಕ್ಯಾಶ್ ಕೌಂಟರ್ ಪಕ್ಕದ ಗೋಡೆಗೆ ಹಾಕಿಬಿಟ್ಟರು. ನಿಲ್ಲಿಸಿದ್ದ ಮರುವಾಯಿ ಸುಕ್ಕ ಮತ್ತೆ ಮೆನುವಿಗೆ ಬಂತು.

ಎರಡನೇ ವಾರ ಇನ್ನೊಂದು ದೂರು. ಗಂಡ ಹೆಂಡತಿ ಇಬ್ಬರೇ, ಭಾನುವಾರದ ಊಟ, ಸೋಮವಾರ ಬೆಳಗ್ಗೆ ಭೇದಿ. ತಿಂದದ್ದರಲ್ಲಿ ಮರುವಾಯಿ ಇತ್ತು.

ಅವತ್ತು ರಾತ್ರಿ ಹಳೆಯ ವರ್ಕ್‌ಶೀಟ್ ತೆಗೆದು ನೋಡಿದೆ. ಎಂಟು ಟ್ಯೂಬ್, ಎಂಟರ ಮುಂದೆಯೂ "ಬೆಳವಣಿಗೆ ಇಲ್ಲ". ಪ್ಲೇಟಿನ ಮೇಲೆ ದಷ್ಟಪುಷ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಎಂಟೂ ಟ್ಯೂಬಿನಲ್ಲಿ ಸತ್ತುಹೋಗುತ್ತದಾ? ಟ್ಯೂಬುಗಳಿಗೆ ಉಪ್ಪು ಹಾಕಿರಲಿಲ್ಲ. ಇದು ಕಡಲಿನ ಜೀವ, ಉಪ್ಪಿಲ್ಲದೆ ಬದುಕುವುದಿಲ್ಲ. ಗುರುತು ಹಿಡಿಯುವ ಪ್ರತಿ ಟ್ಯೂಬಿಗೂ ಶೇಕಡಾ 3ರಷ್ಟು ಉಪ್ಪು ಸೇರಿಸಬೇಕು. ಪಾಠದ ಮೊದಲ ಪುಟದಲ್ಲಿರುವ ವಿಷಯ. ಹುಡುಗಿಯನ್ನು ಬೈಯುವುದಕ್ಕೆ ನನಗೆ ಬಾಯಿ ಇರಲಿಲ್ಲ, ಯಾಕೆಂದರೆ ಆ ಹಾಳೆಯ ಕೆಳಗೆ ಇದ್ದದ್ದು ನನ್ನ ಸಹಿ.

ಇನ್ನೂ ಒಂದಿತ್ತು. ಮಾದರಿಗಳನ್ನು ನಾನು ಐಸಿನ ನಡುವೆ ಒತ್ತಿ ತುಂಬಿ ತಂದಿದ್ದೆ. ವಿಬ್ರಿಯೊ ಚಳಿಗೆ ಬೇಗ ಸೊರಗುತ್ತದೆ. ತಂಪಾಗಿ ಇಡಬೇಕು ನಿಜ, ಆದರೆ ಐಸಿಗೆ ನೇರ ತಾಗಿಸಬಾರದು.

ಬೆಳಗ್ಗೆ ಮಾಲೀಕರಿಗೆ ಫೋನ್ ಮಾಡಿ, "ಆ ರಿಪೋರ್ಟ್ ಗೋಡೆಯಿಂದ ಇಳಿಸಿ, ಅದು ತಪ್ಪು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಈಗ ಹೇಳ್ತಿದ್ದೀರಲ್ಲ ಮೇಡಂ" ಅಂದರು. ಅವರು ಬೇರೆ ಲ್ಯಾಬಿಗೆ ಹೋಗಬಹುದಿತ್ತು, ಹೋಗಲಿಲ್ಲ.

ಎರಡನೇ ಸುತ್ತು

ಈ ಸಲ ಯಾರಿಗೂ ಹೇಳದೆ ಭಾನುವಾರ ಬೆಳಗ್ಗೆ ಆರಕ್ಕೇ ಹೋದೆ, ಮಧ್ಯಾಹ್ನ ಎರಡರವರೆಗೆ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತೆ. ಸುಮ್ನೆ ನೋಡಿದ್ದೇ ಅರ್ಧ ಕೆಲಸ ಮಾಡಿತು.

ಮರುವಾಯಿ ಶನಿವಾರ ಬೆಳಗ್ಗೆಯೇ ಬಂದಿತ್ತು. ಮರಳು ಬಿಡಲಿ ಅಂತ ಅದನ್ನು ರಾತ್ರಿಯಿಡೀ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಉಪ್ಪುನೀರಿಗೆ ಹಾಕಿಟ್ಟಿದ್ದರು. ಒಲೆಯ ಪಕ್ಕದಲ್ಲಿ, ಮುಚ್ಚಳವಿಲ್ಲದೆ. ಹತ್ತು ಗಂಟೆಗೆ ಅಡುಗೆಯವರು ಅದನ್ನು ಬಾಣಲೆಗೆ ಸುರಿದು, ಚಿಪ್ಪು ಬಾಯಿ ಬಿಟ್ಟ ತಕ್ಷಣ ಇಳಿಸಿದರು. ಜಾಸ್ತಿ ಬೇಯಿಸಿದರೆ ಮಾಂಸ ರಬ್ಬರ್ ಆಗುತ್ತದಲ್ಲ. ಒಂದು ಚಿಪ್ಪು ಕಿತ್ತು ಎಸೆದು, ಮಾಂಸವಿರುವ ಚಿಪ್ಪನ್ನು ಒಂದು ಬುಟ್ಟಿಗೆ ಹಾಕಿದರು. ಅದು ಹಸಿ ಮರುವಾಯಿ ತೊಳೆದ ಬುಟ್ಟಿಯೇ. ಆ ಬುಟ್ಟಿ ಮಧ್ಯಾಹ್ನ ಎರಡರವರೆಗೆ ಒಲೆ ಕಟ್ಟೆಯ ಮೇಲೆ ಕೂತಿತ್ತು. ಆರ್ಡರ್ ಬಂದಾಗ ಒಂದು ಹಿಡಿ ತೆಗೆದು ಕಾಯಿ ಮಸಾಲೆಯಲ್ಲಿ ಎರಡು ನಿಮಿಷ ತಿರುವಿ ಬಡಿಸುತ್ತಿದ್ದರು. ನನ್ನ ಥರ್ಮಾಮೀಟರ್ ಆ ಬುಟ್ಟಿಯಲ್ಲಿ 33 ಡಿಗ್ರಿ ತೋರಿಸಿತು.

ಈ ಬ್ಯಾಕ್ಟೀರಿಯಾ ಹಿತವಾದ ಬಿಸುಪು ಸಿಕ್ಕರೆ ಹತ್ತು ನಿಮಿಷದ ಆಸುಪಾಸಿನಲ್ಲೇ ಎರಡಾಗುತ್ತದೆ. ಇಪ್ಪತ್ತು ನಿಮಿಷ ಅಂತಲೇ ಇಟ್ಟುಕೊಳ್ಳಿ. ಮೂರು ಗಂಟೆಗೆ ಒಂಬತ್ತು ಸಲ ಇಮ್ಮಡಿ. ಹತ್ತು ಗಂಟೆಗೆ ನೂರು ಇದ್ದದ್ದು ಒಂದು ಗಂಟೆಗೆ ಐವತ್ತೊಂದು ಸಾವಿರ.

"ಎಂತ ಮೇಡಂ, ನಮ್ಮ ಅಜ್ಜಿ ಕಾಲದಿಂದ ಹೀಗೇ ಮಾಡುವುದು. ಯಾರಿಗೂ ಎಂತದೂ ಆಗ್ಲಿಲ್ಲ" ಅಂದರು ಅಡುಗೆಯವರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಅಜ್ಜಿ ಬೆಳಗ್ಗೆ ಹೊಳೆಯಿಂದ ತಂದ ಮರುವಾಯಿಯನ್ನು ಮಧ್ಯಾಹ್ನದೊಳಗೆ ಬೇಯಿಸಿ, ಬೇಯಿಸಿದ ಕೂಡಲೇ ಬಡಿಸುತ್ತಿದ್ದರು. ಇಲ್ಲಿ ಅದೇ ಅಡುಗೆಯ ಮಧ್ಯೆ ಘಾಟಿ, ಒಂದು ರಾತ್ರಿಯ ಲಾರಿ ಪ್ರಯಾಣ, ಇನ್ನೊಂದು ರಾತ್ರಿಯ ಉಪ್ಪುನೀರು, ನಾಲ್ಕು ಗಂಟೆಯ ಬುಟ್ಟಿ ಸೇರಿಕೊಂಡಿದ್ದವು. ಇದನ್ನು ಅವರಿಗೆ ಹೀಗೇ ಹೇಳಿದೆ. "ಹಾಗಾದ್ರೆ ಬೆಂಗಳೂರಿನದ್ದೇ ತಪ್ಪು" ಅಂದರು. ನಕ್ಕೆ. ಆಗ ಅದು ತಮಾಷೆಯಾಗಿ ಕೇಳಿಸಿತ್ತು.

ಏಳು ಗಂಟೆಗೆ ಐಸ್ ಟೆಂಪೋ ಬಂತು. ಒಬ್ಬ ಹುಡುಗ ಕಬ್ಬಿಣದ ಕೊಕ್ಕೆಯಿಂದ ಬಾರನ್ನು ಎಳೆದು, ಫುಟ್‌ಪಾತ್ ಮೇಲೆ ಜಾರಿಸಿ, ಗೋಣಿಚೀಲದಲ್ಲಿ ಸುತ್ತಿ, ಮರದ ಸುತ್ತಿಗೆಯಿಂದ ಕುಟ್ಟಿದ. ಗೋಣಿ ಕಪ್ಪಗಿತ್ತು, ಎಂದಾದರೂ ತೊಳೆದಂತೆ ಕಾಣಲಿಲ್ಲ. ಕುಟ್ಟಿದ ಐಸ್ ಸೀದಾ ಸಿಗಡಿಯ ಮೇಲೆ. ತಿನ್ನುವುದಕ್ಕಲ್ಲದ ಐಸಿಗೆ ನೀಲಿ ಬಣ್ಣ ಸೇರಿಸಬೇಕು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲೇ ಹೇಳಿದೆ. ಇದು ಹಾಲಿನಂತೆ ಬೆಳ್ಳಗಿತ್ತು.

ಸಿಗಡಿಯ ಮಾದರಿಯನ್ನು ಎರಡು ಸಲ ತೆಗೆದೆ. ಒಂದು ಆರು ಗಂಟೆಗೆ, ಕರಾವಳಿಯ ಪೆಟ್ಟಿಗೆ ಬಿಚ್ಚಿದಾಗ. ಇನ್ನೊಂದು ಹನ್ನೊಂದಕ್ಕೆ, ಇಲ್ಲಿನ ಐಸಿನಲ್ಲಿ ನಾಲ್ಕು ಗಂಟೆ ಕೂತ ಮೇಲೆ. ಹೀಗೆ ಎರಡು ಸಲ ತೆಗೆಯಬೇಕು ಅಂತ ಅನ್ನಿಸಿದ್ದು ಆ ಗೋಣಿಚೀಲ ನೋಡಿದ ಮೇಲೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಜಾಣತನದ ಕೆಲಸ ಅಂದರೆ ಇದೇ ಇರಬೇಕು.

ಎರಡು ಬ್ಯಾಕ್ಟೀರಿಯಾ, ಎರಡು ಕಥೆ

ಮರುವಾಯಿಯ ಲೆಕ್ಕ ಸಲೀಸಾಗಿ ಬಗೆಹರಿಯಿತು. ಉಪ್ಪುನೀರಿನ ಟಬ್ಬಿನಲ್ಲಿ ವಿಬ್ರಿಯೊ ಜಾಸ್ತಿಯೇ ಇತ್ತು. ಒಂದೂವರೆಯ ಬುಟ್ಟಿಯ ಪ್ಲೇಟಿನಲ್ಲಿ ಎಣಿಸಲಾಗದಷ್ಟು ಹಸಿರು. ಆರು ಚುಕ್ಕೆಗಳನ್ನು ಜೀನ್ ನೋಡಿ ಗುರುತು ಹಿಡಿಯುವ ಪಿಸಿಆರ್‌ಗೆ ಕಳಿಸಿದೆವು. ಆರೂ ಪ್ಯಾರಾಹೀಮೋಲಿಟಿಕಸ್. ಮನುಷ್ಯರಿಗೆ ಕಾಯಿಲೆ ತರುವ ತಳಿಗಳಲ್ಲಿ ಸಾಮಾನ್ಯವಾಗಿ ಟಿಡಿಎಚ್ ಅಥವಾ ಟಿಆರ್‌ಎಚ್ ಅನ್ನುವ ಜೀನ್ ಇರುತ್ತದೆ. ಕಡಲಿನಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ನಮ್ಮ ಆರರಲ್ಲಿ ಒಂದರಲ್ಲಿ ಟಿಆರ್‌ಎಚ್ ಇತ್ತು.

ಮಾಲೀಕರ ಕಣ್ಣು ಬಿದ್ದದ್ದು ಬೇರೆ ಹಾಳೆಯ ಮೇಲೆ. ಆಂಟಿಬಯಾಟಿಕ್ ಪರೀಕ್ಷೆಯ ಹಾಳೆ. ಸಿಗಡಿಯಲ್ಲಿ ಸಿಕ್ಕ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಮುಂದೆ ಆಂಪಿಸಿಲಿನ್, ಸೆಫೋಟ್ಯಾಕ್ಸಿಮ್, ಸಿಪ್ರೋಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್ ನಾಲ್ಕಕ್ಕೂ "ನಿರೋಧಕ" ಅಂತಿತ್ತು. ಜೆಂಟಾಮೈಸಿನ್, ಮೆರೊಪೆನಮ್ ಎರಡಕ್ಕೆ ಮಾತ್ರ ಸೋಲುತ್ತಿತ್ತು. ಪ್ಲೇಟನ್ನು ಅವರಿಗೇ ತೋರಿಸಿದೆ. ಸೆಫೋಟ್ಯಾಕ್ಸಿಮ್ ಔಷಧಿ ಹೀರಿಸಿದ ಕಾಗದದ ಬಿಲ್ಲೆಯ ಅಂಚಿನ ತನಕ ಬ್ಯಾಕ್ಟೀರಿಯಾ ಹುಲ್ಲಿನಂತೆ ಬೆಳೆದು ನಿಂತಿತ್ತು. ಪಕ್ಕದಲ್ಲಿ ಅದೇ ಔಷಧಿಗೆ ಕ್ಲಾವುಲಾನಿಕ್ ಆಸಿಡ್ ಸೇರಿಸಿದ ಬಿಲ್ಲೆ, ಅದರ ಸುತ್ತ ಅಗಲವಾದ ಖಾಲಿ ಉಂಗುರ. ಎರಡರ ವ್ಯಾಸಕ್ಕೆ 5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಇಎಸ್‌ಬಿಎಲ್, ಅಂದರೆ ಔಷಧಿಯನ್ನೇ ಕತ್ತರಿಸಿ ಹಾಕುವ ಕಿಣ್ವ ಇರುವ ಬ್ಯಾಕ್ಟೀರಿಯಾ.

"ಇದೇ ಅವರನ್ನ ಮಲಗಿಸಿದ್ದು, ಅಲ್ವಾ?"

ಅಲ್ಲ. ಇದನ್ನು ಅವರಿಗೆ ಒಪ್ಪಿಸುವುದಕ್ಕೆ ಒಂದು ಗಂಟೆ ಬೇಕಾಯಿತು. ಕಾಯಿಲೆ ತಂದದ್ದು ಬಹುಶಃ ವಿಬ್ರಿಯೊ. ಅದು ಆಂಪಿಸಿಲಿನ್ ಒಂದನ್ನು ಬಿಟ್ಟು ನಾವು ಹಾಕಿದ ಎಲ್ಲ ಔಷಧಿಗೂ ಬಗ್ಗಿತ್ತು. ಆಂಪಿಸಿಲಿನ್‌ಗೆ ಬಗ್ಗದಿರುವುದು ಈ ವಿಬ್ರಿಯೊದಲ್ಲಿ ಮಾಮೂಲಿ. ಹಾಗೆ ನೋಡಿದರೆ ಇಂಥ ಭೇದಿಗೆ ಹೆಚ್ಚಿನವರಿಗೆ ಔಷಧಿಯೇ ಬೇಡ, ಒಆರ್‌ಎಸ್ ಸಾಕು. ಆ ಇ. ಕೋಲಿ ಯಾರಿಗೂ ಭೇದಿ ತಂದಿರಲಿಕ್ಕಿಲ್ಲ. ಅದರ ಅಪಾಯ ಬೇರೆ ಥರದ್ದು. ಸದ್ದಿಲ್ಲದೆ ಕರುಳಿಗೆ ಸೇರಿ ಕೂರುತ್ತದೆ, ಮುಂದೆಂದೋ ಮೂತ್ರಕೋಶಕ್ಕೋ ರಕ್ತಕ್ಕೋ ಹೋದಾಗ ಡಾಕ್ಟರ ಕೈ ಕಟ್ಟುತ್ತದೆ. ಔಷಧಿಗೆ ಬಗ್ಗದಿದ್ದರೂ ಬೆಂಕಿಗೆ ಬಗ್ಗುತ್ತದೆ. ಚೆನ್ನಾಗಿ ಬೆಂದ ಸಿಗಡಿಯಲ್ಲಿ ಅದು ಉಳಿಯುವುದಿಲ್ಲ. ಆದರೆ ಸಿಗಡಿ ಬಿಡಿಸಿದ ಹಲಗೆಯ ಮೇಲೆಯೇ ಫ್ರೈ ಜೊತೆ ಕೊಡುವ ಈರುಳ್ಳಿ, ನಿಂಬೆಹಣ್ಣು ಕತ್ತರಿಸುತ್ತಿದ್ದರು. ಈರುಳ್ಳಿಯನ್ನು ಯಾರೂ ಬೇಯಿಸುವುದಿಲ್ಲ.

ಅಷ್ಟರಲ್ಲಿ ಮಾಲೀಕರು ದಕ್ಕೆಯ ಸಪ್ಲೈಯರ್‌ಗೆ "ನಾಳೆಯಿಂದ ಮೀನು ಬೇಡ" ಅಂತ ವಾಟ್ಸಾಪ್‌ನಲ್ಲಿ ಬರೆದಾಗಿತ್ತು, ಕಳಿಸಿರಲಿಲ್ಲ. ಅವರ ತಮ್ಮನ ಪ್ರಕಾರ ಮೀನಿಗೆ ಆಂಟಿಬಯಾಟಿಕ್ ಹಾಕಿದ್ದಾರೆ. ಕೆರೆಯಲ್ಲಿ ಸಾಕಿದ ಸಿಗಡಿಯಾದರೆ ಆ ಮಾತು ಕೇಳಬೇಕಾದದ್ದೇ. ಕಡಲಲ್ಲಿ ಬಲೆಗೆ ಬಿದ್ದ ಬಂಗುಡೆಗೆ ಆಂಟಿಬಯಾಟಿಕ್ ತಿನ್ನಿಸುವವರು ಯಾರು?

ನಾನು ಎರಡು ಸಿಗಡಿಯ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟೆ. ಆರು ಗಂಟೆಯ ಸಿಗಡಿಯಲ್ಲಿ ಇ. ಕೋಲಿ ಬೆರಳೆಣಿಕೆಯಷ್ಟು, ಹೆಚ್ಚುಕಮ್ಮಿ ಎಲ್ಲ ಔಷಧಿಗೂ ಸಾಯುವಂಥದ್ದು. ಹನ್ನೊಂದು ಗಂಟೆಯ ಸಿಗಡಿಯಲ್ಲಿ ಹತ್ತಾರು ಪಟ್ಟು, ಇಎಸ್‌ಬಿಎಲ್. ಮಧ್ಯೆ ಆಗಿದ್ದು ಒಂದೇ, ಐಸ್. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಒಂದೂ ಇ. ಕೋಲಿ ಇರಬಾರದು ಅನ್ನುವುದು ನಮ್ಮ ದೇಶದ ಅಳತೆ. ಟೆಂಪೋದಿಂದ ತೆಗೆದ ಐಸ್ ಕರಗಿದ ನೀರಿನಲ್ಲಿ ಅದು ಧಾರಾಳವಾಗಿತ್ತು, ಔಷಧಿಗಳ ಪಟ್ಟಿಯೂ ಅದೇ ನಾಲ್ಕು. ಫ್ಯಾಕ್ಟರಿಗೆ ಫೋನ್ ಮಾಡಿದರೆ, "ಬೋರ್ ನೀರು ಮೇಡಂ, ಬೇಸಿಗೆಯಲ್ಲಿ ಟ್ಯಾಂಕರ್" ಅಂದರು. ಟ್ಯಾಂಕಿನ ಮಾದರಿ ಕೊಡಲಿಲ್ಲ. ಹಾಗಾಗಿ ಕೊಳಕು ನೀರಿನದೋ, ಗೋಣಿಯದೋ, ಹುಡುಗನ ಕೈಯದೋ ಅಂತ ಇವತ್ತಿಗೂ ಬಿಡಿಸಿ ಹೇಳಲಾರೆ.

ಅಡುಗೆಯವರ ತಮಾಷೆ ನಿಜವಾಗಿತ್ತು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಈ ಹೋಟೆಲಿನ ಮಟ್ಟಿಗೆ ಘಾಟಿ ಹತ್ತಿ ಬಂದದ್ದಲ್ಲ, ಬೆಂಗಳೂರಿನದೇ.

ಏನು ಬದಲಾಯಿತು

ಮರುವಾಯಿಯ ಉಪ್ಪುನೀರಿನ ಸ್ನಾನ ಫ್ರಿಜ್ಜಿನೊಳಗೆ ಹೋಯಿತು. ಸಣ್ಣ ಸಣ್ಣ ಪಾಲು ಮಾಡಿ, ಆರ್ಡರ್ ಬಂದ ಮೇಲೆ ಪೂರ್ತಿ ಬೇಯಿಸುವುದು ಅಂತಾಯಿತು. ಅಡುಗೆಯವರು ಮೂರು ದಿನ ಮುಖ ಊದಿಸಿಕೊಂಡಿದ್ದರು. ರಬ್ಬರ್ ಆಗದ ಹಾಗೆ ಮಾಡುವುದು ಹೇಗೆ ಅಂತ ನಾಲ್ಕನೇ ದಿನ ಅವರೇ ಕಂಡುಕೊಂಡರು. ಸಪ್ಲೈಯರ್ ಬದಲಾಗಲಿಲ್ಲ. ಐಸ್ ಮೆಷಿನ್ ಕೊಳ್ಳಲು ಆಗ ದುಡ್ಡಿರಲಿಲ್ಲ. ಅದಕ್ಕೆ ಮೀನನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಟ್ಟು, ಐಸನ್ನು ಡಬ್ಬಿಯ ಹೊರಗೆ ತುಂಬುವ ಏರ್ಪಾಡು ಮಾಡಿದೆವು. ಖರ್ಚು ಡಬ್ಬಿಗಳದ್ದು ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ವ್ಯಾಪಾರ ಕಡಿಮೆಯಿರುವ ಆ ಎರಡು ತಿಂಗಳಲ್ಲಿ ಸಾಲ ಮಾಡಿ ಮೆಷಿನ್ ತಂದರು, ನೀರಿಗೆ ಫಿಲ್ಟರ್ ಹಾಕಿಸಿದರು.

ಆಗಸ್ಟಿನಲ್ಲಿ ಮತ್ತೆ ಮಾದರಿ ತೆಗೆದೆ, ಈ ಸಲ ಉಪ್ಪು ಮರೆಯದೆ. ಬಡಿಸುವ ಮರುವಾಯಿಯಲ್ಲಿ ವಿಬ್ರಿಯೊ ಇಲ್ಲ. ಐಸ್ ಸ್ವಚ್ಛ. ಆದರೆ ಸಿಗಡಿ ಬಿಡಿಸುವ ಹುಡುಗನ ಕೈ ತೊಳೆದ ನೀರಿನಲ್ಲಿ ಇಎಸ್‌ಬಿಎಲ್ ಇ. ಕೋಲಿ ಇನ್ನೂ ಇತ್ತು. ಅವನನ್ನು ಊರಿಗೆ ಕಳಿಸಿಬಿಡುತ್ತೇನೆ ಅಂದರು ಮಾಲೀಕರು. ನಾನು ಅಡ್ಡ ಬಂದೆ. ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಜನರ ಕರುಳಿನಲ್ಲಿ ಇದು ಇರುತ್ತದೆ, ನನ್ನಲ್ಲೂ ಇರಬಹುದು, ನಿಮ್ಮಲ್ಲೂ. ಅವನ ಜಾಗಕ್ಕೆ ಬರುವವನಲ್ಲೂ ಇರಬಹುದು. ಅವನಿಗೆ ಆಂಟಿಬಯಾಟಿಕ್ ಕೊಟ್ಟು "ಸ್ವಚ್ಛ" ಮಾಡುತ್ತೇನೆ ಅನ್ನುವುದಂತೂ ಬೆಂಕಿಗೆ ತುಪ್ಪ ಸುರಿದ ಹಾಗೆ. ನೌಕರರ ಟಾಯ್ಲೆಟ್ಟಿನಲ್ಲಿ ಸೋಪು ಇದೆಯಾ ಅಂತ ಕೇಳಿದೆ. ಇರಲಿಲ್ಲ. ಹುಡುಗ ಉಳಿದ, ಸೋಪು ಬಂತು, ಈರುಳ್ಳಿಗೆ ಬೇರೆ ಹಲಗೆ ಬಂತು.

ಇನ್ನೊಂದು ತುದಿ ಬಿಚ್ಚಿಯೇ ಉಳಿದಿದೆ. ಮೇ ತಿಂಗಳಲ್ಲಿ ಆ ಹಿರಿಯರಿಗೆ ಮೂತ್ರದ ಸೋಂಕು ಆಯಿತು. ಕಲ್ಚರ್ ರಿಪೋರ್ಟಿನಲ್ಲಿ ಇಎಸ್‌ಬಿಎಲ್ ಇ. ಕೋಲಿ. ಮಗ ಅದನ್ನು ಹಿಡಿದು ಹೋಟೆಲಿಗೆ ಬಂದರು. ಔಷಧಿಗಳ ಪಟ್ಟಿ ನಮ್ಮದರ ಜೊತೆ ಬಹುಪಾಲು ಹೊಂದುತ್ತಿತ್ತು. "ನಮ್ಮ ಸಿಗಡಿಯಿಂದಾನೇ ಬಂತಾ ಮೇಡಂ?" ಅಂತ ಮಾಲೀಕರು ಕೇಳಿದರು. ಪಟ್ಟಿ ಹೊಂದಿದರೆ ತಳಿ ಒಂದೇ ಅಂತಾಗುವುದಿಲ್ಲ, ಈ ಪಟ್ಟಿ ಊರಲ್ಲೆಲ್ಲ ಸಿಗುತ್ತದೆ. ಏಪ್ರಿಲ್‌ನಲ್ಲಿ ಆಸ್ಪತ್ರೆಯಲ್ಲಿದ್ದಾಗ ಕೊಟ್ಟ ಆಂಟಿಬಯಾಟಿಕ್ಕೇ ಅವರ ಕರುಳಿನಲ್ಲಿ ಮೊದಲೇ ಇದ್ದದ್ದಕ್ಕೆ ಜಾಗ ಮಾಡಿಕೊಟ್ಟಿರಬಹುದು. ಎರಡನ್ನೂ ಜೀನೋಮ್ ಮಟ್ಟದಲ್ಲಿ ಹೋಲಿಸಿದ್ದರೆ ಗೊತ್ತಾಗುತ್ತಿತ್ತು. ನಮ್ಮದು ಫ್ರೀಜರಿನಲ್ಲಿ ಇತ್ತು, ಆಸ್ಪತ್ರೆಯವರು ತಮ್ಮದನ್ನು ಎಸೆದಾಗಿತ್ತು. ಮಗನಿಗೆ ಇಷ್ಟನ್ನೂ ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕು ಅಂತ ನಾನೂ ಅಂದುಕೊಂಡಿರಲಿಲ್ಲ. ಆಸ್ಪತ್ರೆಯ ಖರ್ಚನ್ನು ಮಾಲೀಕರು ಕೊಟ್ಟರು, ತಪ್ಪೊಪ್ಪಿಗೆ ಅಂತ ಬರೆದುಕೊಡದೆ.

ಆಗಸ್ಟಿನ ಮಾದರಿ ತೆಗೆದು ಹೊರಗೆ ಬಂದಾಗ ಏಳು ಗಂಟೆ. ಅದೇ ಟೆಂಪೋ ನಿಂತಿತ್ತು. ಹುಡುಗ ಕೊಕ್ಕೆ ಹಾಕಿ ಬಾರ್ ಎಳೆದ, ಅದೇ ಫುಟ್‌ಪಾತ್, ಅದೇ ಗೋಣಿ. ಈ ಸಲ ಹೋಟೆಲಿನ ಬಾಗಿಲು ದಾಟಿ ಪಕ್ಕದ ಕಬ್ಬಿನ ಹಾಲಿನ ಅಂಗಡಿಗೆ ಹೋದ. ಅಂಗಡಿಯವರಿಗೆ ನಾನು, ಮಾಲೀಕರು ಇಬ್ಬರೂ ಸೇರಿ ವಿಷಯ ಹೇಳಿದೆವು. ಅವರು ಪೂರ್ತಿ ಕೇಳಿಸಿಕೊಂಡರು. "ಮೀನಿಗೆ ಹಾಕಿದ್ರೆ ಕೆಡುತ್ತೇನೋ ಮೇಡಂ. ನಮ್ದು ಬರೀ ಕಬ್ಬಿನ ಹಾಲು" ಅಂತ ಹೇಳಿ, ಗಾಣದ ಸ್ವಿಚ್ ಹಾಕಿದರು.